ದಾಹದ ರೇಖೆಗಳು

ಕಲಾವಿದ ಮತ್ತೆ ಫೈಲುಗಳ ಕಪಾಟಿನ ಮುಂದೆ ನಿಂತಿದ್ದ. ನೀರು ವಿಭಾಗದ ಸೂಪರಿಂಟೆಂಡೆಂಟರು ಚಹಾ ಲೋಟ ಕೆಳಗಿಟ್ಟರು. ಇವನು ಕಮಿಷನರ್ ಮೇಡಂ ಬಿಟ್ಟ ಗೂಢಚಾರನೇ ಸರಿ, ಅನುಮಾನವೇ ಬೇಡ.

“ಏನ್ರೀ ಹುಡುಕ್ತಿದ್ದೀರಿ?”

“ಕಾಗದಗಳು ಎಲ್ಲಿ ಹೋಗಿ ನಿಲ್ಲುತ್ವೆ ಅಂತ ನೋಡ್ತಿದ್ದೆ ಸಾರ್. ಅದೇ ನನ್ನ ವಿಷಯ.”

ವಿಷಯವಂತೆ, ಮಣ್ಣಾಂಗಟ್ಟಿ! ನಗರಸಭೆಯ ಪ್ರತಿ ವಿಭಾಗದಲ್ಲೂ ಒಬ್ಬ ಕಲಾವಿದ ಮೂರು ತಿಂಗಳು ಕೂರಬೇಕು, ಜನರ ನಡುವೆ ಬೆರೆಯಬೇಕು, ಕೊನೆಗೆ ಯಾವುದಾದರೂ ಓಣಿಯಲ್ಲಿ ಒಂದು ಕಲಾಕೃತಿ ಮಾಡಬೇಕು. ಇದು ಮೇಡಂ ವಿದೇಶ ಪ್ರವಾಸದಿಂದ ಹೊತ್ತು ತಂದ ಹುಚ್ಚು. ಕಲಾವಿದ ಕೇಳಿದ ಆಳು, ಸಾಮಾನು ಕೊಡಬೇಕು. ಯಾವ ವಿಭಾಗವೂ ಕಲೆಗೆ ಆಕ್ಷೇಪಣೆ ಬರೆಯಕೂಡದು ಎಂದು ಸುತ್ತೋಲೆ ಬೇರೆ. ಇಪ್ಪತ್ತಾರು ವರ್ಷ ಆಕ್ಷೇಪಣೆ ಬರೆದೇ ಮೇಲೆ ಬಂದ ಮನುಷ್ಯ ಸೂಪರಿಂಟೆಂಡೆಂಟರು. ಅವರ ಹೊಟ್ಟೆ ಎಷ್ಟು ಉರಿದಿರಬೇಡ!

ಮೇಡಂ ಒಂದೇ ಒಂದು ಚಿತ್ರ ನೋಡಿ ಇವನನ್ನು ಆರಿಸಿದ್ದರು. ಕೆಲವು ಸೊಟ್ಟ ಗೆರೆ, ಎರಡು ಬಾಣ, ನಡುವೆ ಒಂದು ಕತ್ತರಿ ಗುರುತು. ಅದಕ್ಕೆ ಚೌಕಟ್ಟು ಹಾಕಿಸಿ ತಮ್ಮ ಕೋಣೆಯಲ್ಲೇ ತೂಗುಹಾಕಿದ್ದರು. “ಎಂಥಾ ಮೌನ ಇದೆ ನೋಡಿ ಇದ್ರಲ್ಲಿ!” ಎಂದಿದ್ದರು. ಅದನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಸೂಪರಿಂಟೆಂಡೆಂಟರಿಗೆ ಅನಿಸಿತ್ತು. ತಲೆಬುಡ ಅರ್ಥವಾಗದಿದ್ದರೂ, “ಗೆರೆಗಳು ಮಾತಾಡ್ತಿವೆ ಮೇಡಂ” ಎಂದು ಹಲ್ಲು ಕಿರಿದಿದ್ದರು.

ಕಲಾವಿದನಿಗೆ ನಲವತ್ತರ ಆಸುಪಾಸು. ಮಾತು ಕಡಿಮೆ. ಉಗುರಿನ ಸಂದಿಯಲ್ಲಿ ಸದಾ ಕಪ್ಪು, ಬಣ್ಣವಿರಬೇಕು. ವರ್ಷಗಟ್ಟಲೆ ತೊಟ್ಟಿಕ್ಕುತ್ತಿದ್ದ ಶೌಚಾಲಯದ ನಲ್ಲಿಯನ್ನು, ಸದ್ದು ತಡೆಯಲಾಗುವುದಿಲ್ಲವೆಂದು ಹೇಳಿ, ಹತ್ತೇ ನಿಮಿಷದಲ್ಲಿ ತಾನೇ ನಿಲ್ಲಿಸಿದ್ದ. ಕಲಾವಿದರ ಸೂಕ್ಷ್ಮ ಪ್ರಕೃತಿ ಎಂದರೆ ಕೇಳಬೇಕೆ?

ಅಷ್ಟರಲ್ಲಿ ಕೌಂಟರಿಗೆ ಹಿಂದಿನ ಓಣಿಯ ಅಜ್ಜಿ ಬಂದಳು. ಕೈಯಲ್ಲಿ ಹತ್ತೊಂಬತ್ತನೇ ಅರ್ಜಿ. ಅವಳ ಓಣಿಯ ನಲ್ಲಿಗಳಲ್ಲಿ ನೀರು ನಿಂತು ಎರಡು ವರ್ಷ. ಎಪ್ಪತ್ತರ ವಯಸ್ಸಿನಲ್ಲಿ ಎರಡು ಬೀದಿ ಆಚೆಯಿಂದ ಕೊಡ ಹೊತ್ತು ಮೂರು ಮಹಡಿ ಹತ್ತುತ್ತಿದ್ದಳು. ಹೋದ ವಾರ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದಿತ್ತು.

“ಕೊಳವೆ ನಮ್ಮದು, ಅದರ ಮೇಲಿನ ರಸ್ತೆ ಬೇರೆ ವಿಭಾಗದ್ದು. ಅವರು ಒಪ್ಪಬೇಕಲ್ಲಮ್ಮ!” ಎಂದರು ಸೂಪರಿಂಟೆಂಡೆಂಟರು.

“ನಾವೇ ಅಗೆದು ಸರಿ ಮಾಡ್ಕೋತೀವಿ ಅಂದ್ರೂ ಬಿಡಲ್ವಲ್ಲ ಸ್ವಾಮಿ.”

“ಗುದ್ದಲಿ ಹಾಕಿ ನೋಡಿ, ಕೇಸ್ ಹಾಕಿಸ್ತೀನಿ.”

“ಮಗನಿಗೂ ಈಗ ಹೊಸ ಕೆಲಸ. ಬೆಳಗ್ಗೆ ಹೋದ್ರೆ ಸಂಜೆಗೇ ಬರೋದು. ಈ ಕೈಯಲ್ಲಿ ಹೆಂಗೆ ಹೊರಲಿ?”

ಕಲಾವಿದ ತನ್ನ ಕುರ್ಚಿ ಎಳೆದು ಅವಳಿಗೆ ಕೊಟ್ಟ.

“ನೀನಾದ್ರೂ ಒಳಗಿದ್ದೀಯಲ್ಲಪ್ಪ, ನೋಡ್ಕೋ” ಎಂದಳು ಅಜ್ಜಿ.

“ನೋಡ್ತಿದ್ದೀನಿ” ಎಂದ ಅವನು, ತಲೆ ಎತ್ತದೆ.

ಸೂಪರಿಂಟೆಂಡೆಂಟರು ಅರ್ಜಿಯನ್ನು ಸರಕ್ಕನೆ ಎಳೆದುಕೊಂಡು ಠಸ್ಸೆ ಒತ್ತಿದರು. ಮುಗಿಯಿತು, ಇದು ಸಂಜೆಯೊಳಗೆ ಮೇಡಂ ಕಿವಿಗೆ ಬೀಳುತ್ತದೆ! ಇನ್ನು ಇವನು ಏನು ಕೇಳಿದರೂ ಕಣ್ಣುಮುಚ್ಚಿ ಸಹಿ ಹಾಕುವುದೇ ಕ್ಷೇಮ.

ಮಾರನೇ ದಿನ ಅವನು ಮೇಡಂ ಮುಂದೆ ಕಲಾಕೃತಿಯ ಪ್ರಸ್ತಾವನೆ ಇಟ್ಟ. ಹೆಸರು ‘ದಾಹದ ರೇಖೆಗಳು’. ಹಿಂದಿನ ಓಣಿಯನ್ನು ಅಗೆದು ಎಂಬತ್ತು ಅಡಿ ಹೊಸ ಕೊಳವೆ ಹೂಳಬೇಕು. ಅದು ಮನೆ ಮನೆಗೂ ಕವಲೊಡೆಯಬೇಕು. ಕೃತಿ ಶಾಶ್ವತ, ಯಾರೂ ಕೀಳುವಂತಿಲ್ಲ.

“ಕೊಳವೆ ಹೂತುಬಿಟ್ರೆ ಜನ ನೋಡೋದು ಏನನ್ನ?” ಸೂಪರಿಂಟೆಂಡೆಂಟರು ಮೆಲ್ಲಗೆ ಕೇಳಿದರು.

“ನಲ್ಲಿ ತಿರುಗಿಸ್ತಾರಲ್ಲ ಸಾರ್, ಆಗ ಕೃತಿ ಪೂರ್ತಿ ಆಗುತ್ತೆ.”

ಮೇಡಂ ಕಣ್ಣಲ್ಲಿ ನೀರು ತುಂಬಿಕೊಂಡರು. ಕಲೆ ತಾನೇ, ಆಕ್ಷೇಪಣೆ ಎಲ್ಲಿಂದ ಬರಬೇಕು? ರಸ್ತೆ ವಿಭಾಗ ನಿಂತಲ್ಲೇ ಸಹಿ ಹಾಕಿತು. ಹನ್ನೊಂದನೇ ದಿನ ರಿಬ್ಬನ್ ಕತ್ತರಿಸಿದರು. ವಿಮರ್ಶಕರೊಬ್ಬರು ‘ಅಭಾವದ ಸೌಂದರ್ಯ’ದ ಬಗ್ಗೆ ಮುಕ್ಕಾಲು ಗಂಟೆ ಕೊರೆದರು. ಅಜ್ಜಿ ಎಡಗೈಯಲ್ಲಿ ನಲ್ಲಿ ತಿರುಗಿಸಿದಳು. ನೀರು ಭುಸ್ಸೆಂದು ಬಂತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಅವಳು ಗೋಡೆಗೆ ಒರಗಿ ಗಳಗಳನೆ ಅತ್ತಳು.

ಮರುದಿನದಿಂದ ಕಲಾವಿದ ಕಚೇರಿಗೆ ಬರಲಿಲ್ಲ. ಸದ್ಯ, ಪೀಡೆ ತೊಲಗಿತು! ಸೂಪರಿಂಟೆಂಡೆಂಟರು ಹಗುರ ಮನಸ್ಸಿನಿಂದ ಅಜ್ಜಿಯ ಫೈಲು ಇಳಿಸಿದರು. ನೀರು ಬಂತಲ್ಲ, ‘ಮುಕ್ತಾಯ’ ಎಂದು ಬರೆದುಬಿಟ್ಟರೆ ಆಯಿತು. ಧೂಳು ಕೊಡವಿ ಹಾಳೆ ತಿರುವುತ್ತಾ ಎರಡು ವರ್ಷ ಹಿಂದಿನ ಮೊದಲ ಅರ್ಜಿಗೆ ಬಂದರು.

ಅದಕ್ಕೆ ಲಗತ್ತಿಸಿದ ಹಾಳೆಯಲ್ಲಿ ಕೆಲವು ಸೊಟ್ಟ ಗೆರೆಗಳಿದ್ದವು. ಎರಡು ಬಾಣ. ನಡುವೆ ಕತ್ತರಿ ಗುರುತು, ಪಕ್ಕದಲ್ಲಿ ‘ಕೊಳವೆ ಒಡೆದಿರುವ ಜಾಗ’. ಅಡ್ಡಡ್ಡಲಾಗಿ ಕೆಂಪು ಶಾಯಿಯಲ್ಲಿ ಅವರದೇ ಅಕ್ಷರ: ‘ನಕ್ಷೆ ಅರ್ಥವಾಗುತ್ತಿಲ್ಲ. ತಿರಸ್ಕರಿಸಿದೆ.’

ಅದರ ಕೆಳಗೆ: ‘ನಕ್ಷೆ ಬರೆದವರು — ಅರ್ಜಿದಾರರ ಮಗ, ನಲ್ಲಿ ರಿಪೇರಿ ಕೆಲಸ.’