ಎಡ್ನಾ ಉಜ್ಜಿದ ಹಿಡಿ

"ಮುಟ್ಬೇಡಿ ಅಜ್ಜಿ, ಆ ಮುಂಬಾಗ್ಲು ಕಚ್ಕೊಂಡು ನಾಲ್ಕು ವರ್ಷ ಆಯ್ತು. ಎಲ್ರೂ ಹಿತ್ತಿಲ ಬಾಗ್ಲಿಂದಾನೇ ಹೊರಗೆ ಹೋಗ್ಬೇಕು," ಎಂದು ಗೈಡ್ ಕ್ಲೈವ್ ತಡೆದ.

ಬಾಗಿಲ ಒಳಗಡೆ ನಿಂತಿದ್ದ, ಎಂಬತ್ತು ದಾಟಿದ ಎಡ್ನಾ ಹಿತ್ತಾಳೆಯ ಹಿಡಿಯನ್ನು ಬಿಡಲಿಲ್ಲ. ಈಗ ಟಿಕೆಟ್ ಇಟ್ಟು ತೋರಿಸುವ, ಗಣಿ ಮಾಲೀಕರ ಈ ವಿಕ್ಟೋರಿಯಾ ರಾಣಿ ಕಾಲದ ಬಂಗಲೆಯಲ್ಲಿ ಅವಳು ಹುಡುಗಿಯಾಗಿದ್ದಾಗ ಕೆಲಸಕ್ಕಿದ್ದಳು. ದಿನಾ ಬೆಳಿಗ್ಗೆ ಈ ಹಿಡಿಯನ್ನು ಫಳಫಳ ಉಜ್ಜುತ್ತಿದ್ದವಳು ಅವಳೇ. ಈ ಬಾಗಿಲಿನ ಹಠವೆಲ್ಲ ಅವಳಿಗೆ ಗೊತ್ತು. ಆದರೆ ಆಳುಗಳು ಈ ಹೊಸ್ತಿಲು ದಾಟುವಂತಿರಲಿಲ್ಲ.

"ಆರು ವರ್ಷ ಹಿತ್ತಿಲ ಬಾಗ್ಲು ತುಳ್ದಿದ್ದೀನಿ ಕಣಪ್ಪಾ, ಸಾಕು," ಎಂದವಳೇ ಬುಡಕ್ಕೊಂದು ಒದ್ದು, ಹಿಡಿಯನ್ನು ಮೇಲಕ್ಕೆತ್ತಿ ಎಳೆದಳು. ಬಾಗಿಲು ಗೊಣಗುತ್ತಾ ತೆರೆದುಕೊಂಡಿತು. ಎಡ್ನಾ ಹೊರಗೆ ಹೋಗಿ ಬಾಗಿಲೆಳೆದುಕೊಂಡಳು. ಟೋಪಿ ಸರಿಮಾಡಿಕೊಂಡು ಗಂಟೆ ಬಾರಿಸಿದಳು.

ಕ್ಲೈವ್ ಬಾಗಿಲಿಗೆ ಒದ್ದು, ಹಿಡಿ ಎತ್ತಿ, ತೆರೆದು, ಹಳೇ ಕಾಲದ ಬಟ್ಲರನಂತೆ ತಲೆಬಾಗಿದ. "ಯಾರು ಬಂದಿದ್ದಾರೆ ಅಂತ ಹೇಳ್ಲಿ, ಮೇಡಂ?"

"ಎಡ್ನಾ ಅಂತ ಹೇಳು. ಹಿಡಿ ಉಜ್ತಿದ್ದ ಎಡ್ನಾ."