ಕೊಕ್ಕೆಯಲ್ಲಿ ಬಟ್ಟಲು

ಪರೀಕ್ಷಾ ಕೊಠಡಿಯ ಬಾಗಿಲ ಕೊಕ್ಕೆಯಲ್ಲಿ ಮರದ ಬಟ್ಟಲು ಇನ್ನೂ ತೂಗುತ್ತಿತ್ತು. ಹಿಲ್ಕಾ ಮೂರನೇ ಸಲ ಬಂದು ನೋಡಿ, ಕಚೇರಿಯೊಳಗೆ ಬೂಟಿನ ಬದಲು ಎಲ್ಲರೂ ತೊಡುವ ಉಣ್ಣೆ ಕಾಲುಚೀಲದ ಹೆಜ್ಜೆಯಲ್ಲಿ ಸದ್ದಿಲ್ಲದೆ ಹಿಂದಿರುಗಿದಳು. ತಾಂಪೆರೆ ಊರಿನ ಆ ಪುಟ್ಟ ಕಂಪನಿಯಲ್ಲಿ ಯಂತ್ರ ಒಂದೇ, ಅದು ಬೇಕಾದವರು ನಾಲ್ವರು. ಬಟ್ಟಲು ತೂಗುತ್ತಿದ್ದರೆ ಒಳಗೊಬ್ಬರಿದ್ದಾರೆ ಎಂದರ್ಥ, ತಟ್ಟಬಾರದು, ಕರೆಯಬಾರದು. ಎಂದೋ ಯಾರೋ ನಡುವೆ ನುಗ್ಗಿ ತೈಸ್ತೊನ ಒಂಬತ್ತು ಗಂಟೆಗಳ ಪರೀಕ್ಷೆಯನ್ನು ಕೆಡಿಸಿದ ಮೇಲೆ ಅವನೇ ಮಾಡಿದ ನಿಯಮ ಇದು. ಬರ್ಚ್ ಮರದ ಗಂಟಿನಿಂದ ಬಟ್ಟಲು ಕೆತ್ತಿದವನೂ ಅವನೇ. ಬೆಳಿಗ್ಗೆ ಒಂಬತ್ತೂವರೆಗೆ ಅದನ್ನು ನೇತುಹಾಕಿ ಒಳಗೆ ಹೋದವನೂ ಅವನೇ.

ಯಂತ್ರವೆಂದರೆ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ. ಅದರ ಶಾಖಮಾಪಕವನ್ನು ಮಾತಾಡಿಸುವ ಡ್ರೈವರ್ ಪ್ರೋಗ್ರಾಂ ಹಿಲ್ಕಾಳದು. ಒಳಗೇ ಕೂಸನ್ನು ತೂಗುವ ತಕ್ಕಡಿಯನ್ನು ಮಾತಾಡಿಸುವುದು ತೈಸ್ತೊನದು. ಎರಡಕ್ಕೂ ಇದ್ದುದು ಒಂದೇ ತಂತಿ. ಒಂದು ಡ್ರೈವರ್ ತಂತಿಗೆ ಬೀಗ ಹಾಕಿಕೊಂಡು ತನ್ನ ಕೆಲಸ ಮುಗಿಸಬೇಕು, ಬೀಗ ತೆಗೆಯಬೇಕು. ಆಮೇಲೆ ಇನ್ನೊಂದರ ಸರದಿ. ಆದರೆ ಎರಡು ವಾರದಿಂದ ಪರದೆಯ ಮೇಲಿನ ಶಾಖದ ಅಂಕಿ ಆಗಾಗ ನಿಂತಲ್ಲೇ ನಿಂತುಬಿಡುತ್ತಿತ್ತು. ಒಳಗೆ ಪೆಟ್ಟಿಗೆ ಕಾದ ಬಾಣಲೆಯಾದರೂ ಹೊರಗೆ ಪರದೆಯಲ್ಲಿ ಅದೇ ಮೂವತ್ತಾರೂವರೆ ಡಿಗ್ರಿ. ಹಿಲ್ಕಾ ಎರಡೂ ಪ್ರೋಗ್ರಾಮುಗಳನ್ನು ಕಾಗದಕ್ಕಿಳಿಸಿ, ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಓದತೊಡಗಿದಳು. ಹನ್ನೆರಡೂವರೆಯ ಹೊತ್ತಿಗೆ ಪೆನ್ಸಿಲ್ ಒಂದು ಕಡೆ ನಿಂತಿತು.

“ಸಿಕ್ತು ಕಣೋ ಯೋರ್ಮಾ! ತಪ್ಪು ನಮ್ಮ ಮುದುಕ ತೈಸ್ತೊಂದು. ತಕ್ಕಡಿ ಉತ್ತರ ಕೊಡ್ಲಿಲ್ಲ ಅಂದ್ರೆ ಅವನ ಡ್ರೈವರ್ ಬೀಗ ಹಿಡ್ಕೊಂಡೇ ಬಿದ್ದುಹೋಗತ್ತೆ.”

ಪಕ್ಕದ ಮೇಜಿನ ಯೋರ್ಮಾ ಕುರ್ಚಿ ತಿರುಗಿಸಿದ. “ಆಗ ನಿಂದು ಏನ್ ಮಾಡ್ತಿರತ್ತೆ?”

ಹಿಲ್ಕಾ ತನ್ನ ಹಾಳೆ ತಿರುವಿದಳು. “ಕಾಯ್ತಿರತ್ತೆ.”

“ಎಷ್ಟು ಹೊತ್ತು?”

“ಬೀಗ ತೆಗೆಯೋವರೆಗೂ. ಇಷ್ಟೇ ಹೊತ್ತು ಅಂತ ನಾನು ಬರೆದೇ ಇಲ್ಲ.”

“ಭಲೇ! ಅವನದು ಒಳಗೆ ಬಿದ್ದಿದೆ, ನಿಂದು ಮರ್ಯಾದಸ್ಥರ ಹಾಗೆ ಹೊರಗೆ ಕೈಕಟ್ಟಿ ನಿಂತಿದೆ. ಬರೀ ಮುದುಕಂದು ಅನ್ಬೇಡ ಮಾರಾಯ್ತಿ, ಅರ್ಧ ನಿಂದೂ ಇದೆ.” ಯೋರ್ಮಾ ನಕ್ಕ. “ಈಗ್ಲೇ ಹೋಗಿ ತಟ್ಟಿಬಿಟ್ಟೀಯ ಮತ್ತೆ, ಕಚ್ತಾನೆ. ಎರಡು ಗಂಟೆ ಕಾಫಿಗೆ ಬರ್ತಾನಲ್ಲ, ಆಗ ಹೇಳು.”

“ಹತ್ತೂವರೆ ಕಾಫಿಗೆ ಬಂದಿದ್ನಾ?”

“ಇಲ್ಲ. ತೈಸ್ತೊ ಕಾಫಿ ಬಿಟ್ಟಿದ್ದಾನೆ ಅಂದ್ರೆ ಭಾರೀ ಪರೀಕ್ಷೇನೇ ಇರ್ಬೇಕು ಅಂದ್ಕೊಂಡೆ. ಹದಿನೆಂಟು ವರ್ಷದಲ್ಲಿ ಒಂದು ದಿನಾನೂ...”

ಹಿಲ್ಕಾ ಆಗಲೇ ಎದ್ದಿದ್ದಳು.

ಬಾಗಿಲ ಮುಂದೆ ಎತ್ತಿದ ಕೈ ಬಟ್ಟಲನ್ನು ಕಂಡು ಅಭ್ಯಾಸಬಲದಿಂದ ತಡೆದು ನಿಂತಿತು. ಅವಳು ಮರಕ್ಕೆ ಕಿವಿಯಿಟ್ಟಳು. ಧಪ್. ತುಸು ಬಿಟ್ಟು ಮತ್ತೊಂದು ಧಪ್, ದಿಂಬಿಗೆ ಗುದ್ದಿದಷ್ಟು ಮೆತ್ತಗೆ, ಬಾಗಿಲ ಬುಡದಲ್ಲಿ.

ಅವಳು ಬಾಗಿಲೆಳೆದಳು. ತೈಸ್ತೊ ನೆಲದ ಮೇಲೆ ಅಂಗಾತ ಬಿದ್ದಿದ್ದ. ಮುಖದ ಒಂದು ಪಾರ್ಶ್ವ ಜೋತಿತ್ತು. ಒಂದು ಕೈ, ಒಂದು ಕಾಲು ಅವನದಲ್ಲವೆಂಬಂತೆ ಬಿದ್ದಿದ್ದವು. ಸ್ವಾಧೀನವಿದ್ದ ಇನ್ನೊಂದು ಕಾಲು, ಬೂದುಬಣ್ಣದ ದಪ್ಪ ಉಣ್ಣೆ ಕಾಲುಚೀಲದೊಳಗಿನ ಕಾಲು, ತೆರೆದ ಬಾಗಿಲಿನ ಬರಿಗಾಳಿಯನ್ನು ಇನ್ನೂ ಒದೆಯುತ್ತಿತ್ತು.

ಹಿಂದೆಯೇ ಓಡಿಬಂದ ಯೋರ್ಮಾ ಫೋನ್ ತೆಗೆದು ಆಂಬುಲೆನ್ಸ್ ಕರೆದ. “ಹನ್ನೊಂದಕ್ಕೆ ಈ ಕಡೆ ಬಂದಾಗ ಧಪ್ ಅಂತ ನನಗೆ ಕೇಳಿಸಿತ್ತು ಹಿಲ್ಕಾ. ಯಂತ್ರ ಅಂದ್ಕೊಂಡೆ.”

ಆಂಬುಲೆನ್ಸ್‌ನವರು ಎಂಟೇ ನಿಮಿಷದಲ್ಲಿ ಬಂದರು. “ಯಾವಾಗಿಂದ ಹೀಗಿದ್ದಾರೆ?” ಎಂದು ಕೇಳಿದ ಹೆಂಗಸಿಗೆ ಹಿಲ್ಕಾ, “ಒಂಬತ್ತೂವರೆಗೆ ಒಳಗೆ ಹೋದ,” ಎಂದಳು. ಆಕೆ ತೈಸ್ತೊನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, “ಬೆಳಿಗ್ಗೆಯೇ ಕರೆದಿದ್ರೆ...” ಎನ್ನುತ್ತಲೇ ಸ್ಟ್ರೆಚರ್ ತರಿಸಿದಳು. ಯೋರ್ಮಾ ಅವರ ಜೊತೆ ಹೊರಟ. ಸ್ಟ್ರೆಚರ್ ದಾಟಿದ ಮೇಲೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಹಿಲ್ಕಾ ಕಾರಿಡಾರಿನ ಗೋಡೆಗೊರಗಿ ಕೂತಳು. ಅಷ್ಟರಲ್ಲಿ, ಊಟಕ್ಕೆ ಹೊರಗೆ ಹೋಗಿದ್ದ ಸಿರ್ಕಾ ಒಂದು ಕಟ್ಟು ಕಾಗದ ಹಿಡಿದು ಕೊಠಡಿಯತ್ತ ಬಂದಳು. ಯಂತ್ರ ಬೇಕಾದ ನಾಲ್ವರಲ್ಲಿ ನಾಲ್ಕನೆಯವಳು. ಅವಳನ್ನು ಕಂಡದ್ದೇ ಹಿಲ್ಕಾಳ ಗಂಟಲೊಡೆದು ಅಳು ಹೊರಬಂತು.

ಸಿರ್ಕಾ ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟು, “ಶ್!” ಎಂದು ಕೊಕ್ಕೆಯ ಬಟ್ಟಲನ್ನು ತೋರಿಸಿದಳು.