ರಸಮಟ್ಟದ ಗುಳ್ಳೆ

ಅಕ್ಕ ಎತ್ತಿದ ದಿಮ್ಮಿ ಗಾಳಿಯಲ್ಲೇ ನಿಂತಿತು. ಹಿತ್ತಲಲ್ಲಿ ಶೆಡ್ ಕಟ್ಟಲು ಬೆಳಗಿನಿಂದ ಅದರಲ್ಲೇ ನೆಲ ಬಡಿದು ಗಟ್ಟಿ ಮಾಡುತ್ತಿದ್ದಳು. ಇಷ್ಟು ಹೊತ್ತು ‘ಧಪ್’ ಎನ್ನುತ್ತಿದ್ದ ಮಣ್ಣು ಈಗ ಖಾಲಿ ಡ್ರಮ್ಮಿನಂತೆ ‘ಧಂ’ ಎಂದಿತ್ತು.

“ನಿನ್ನ ತಲೆಗೇ ಬಡ್ಕೊಂಡ್ಯಾ ಹೇಗೆ?” ಬಡಿದ ನೆಲದ ನಡುಮಧ್ಯೆ ಕುಕ್ಕರಗಾಲಲ್ಲಿ ಕೂತು ನೆಲದ ಮಟ್ಟ ನೋಡುತ್ತಿದ್ದ ತಮ್ಮ ನಕ್ಕ. ಅವನ ಮುಂದೆ ನೆಲದ ಮೇಲಿಟ್ಟ ರಸಮಟ್ಟದ ಗಾಜಿನ ನಳಿಗೆಯಲ್ಲಿ ಗುಳ್ಳೆ, ನೆಲ ಸಮವಾಗಿದೆ ಎಂದು ತೋರಿಸುತ್ತಾ, ಎರಡು ಗೆರೆಗಳ ನಡುವೆ ಸರಿಯಾಗಿ ನಿಂತಿತ್ತು.

ಅಕ್ಕನಿಗೆ ನಗು ಬರಲಿಲ್ಲ. ಹಿತ್ತಲಿನ ಹಳೇ ಬಾವಿಗೆ ಮಣ್ಣು ತುಂಬಿಸಿದ್ದೇನೆ ಎಂದು ಇವರಿಗೆ ಮನೆ ಮಾರಿದವನು ಆಣೆ ಮಾಡಿದ್ದ. ಎಲ್ಲಿತ್ತು ಅಂತ ಇವಳು ಕೇಳಿರಲಿಲ್ಲ. ಇಡೀ ಹಿತ್ತಲಲ್ಲಿ ಒಂದು ಬೇರೂ ಇಲ್ಲದೆ ಸಪಾಟಾಗಿದ್ದದ್ದು ಈ ಜಾಗ ಮಾತ್ರ. ಪುಣ್ಯಕ್ಕೆ ಸಿಕ್ಕಿತು ಎಂದು ಇವಳೇ ಆರಿಸಿದ್ದಳು. ಪಾಪಿ, ತುಂಬಿಸಿಲ್ಲ. ಬಾಯಿಗೆ ಹಲಗೆ ಹಾಸಿ ಮೇಲೆ ಮಣ್ಣೆಳೆದಿದ್ದಾನೆ.

“ಏಳಬೇಡ,” ಅಂದಳು. ಮೆಲ್ಲಗೆ ಹಿಂದೆ ಸರಿದು ಗೋಡೆಗೊರಗಿದ್ದ ಏಣಿ ಎಳೆದುಕೊಂಡಳು. “ನಿನ್ನ ಕೆಳಗೆ ಬಾವಿ ಇದೆ. ಏಣಿ ತಳ್ತೀನಿ, ಅದರ ಮೇಲೆ ಮಲಗ್ಕೊಂಡು ಬಾ. ಅಲ್ಲೀವರೆಗೂ ಅಲುಗಾಡಬೇಡ ಕಣೋ.”

ಏಣಿಯ ತುದಿ ಇನ್ನೂ ಅವನನ್ನು ಮುಟ್ಟಿರಲಿಲ್ಲ. ತಮ್ಮ ರಸಮಟ್ಟದಿಂದ ಕಣ್ಣೆತ್ತಲಿಲ್ಲ.

“ನಾನು ಅಲುಗಾಡ್ತಿಲ್ಲ ಅಕ್ಕಾ,” ಎಂದ, ಪಿಸುದನಿಯಲ್ಲಿ. “ಗುಳ್ಳೆ ಸರೀತಾ ಇದೆ.”